ಸಿಪಿ ಇರುವ ಮಗಳು ಊರ ಶಾಲೆಯಲ್ಲೇ ಓದಿದ್ದು

ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ಡಾಕ್ಟರುಗಳೂ ನಾವೂ ಸಿಪಿ ಅಂತಲೇ ಹೇಳುವುದು. ಒಂದನೇ ತರಗತಿಯಿಂದ ಊರಿನ ಬೇರೆ ಮಕ್ಕಳ ಜೊತೆ ಮಾಮೂಲಿ ಶಾಲೆಯಲ್ಲೇ ಓದಿ, 2024ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದಳು. ಇಂಥ ಮಕ್ಕಳಿರುವ ತಂದೆ ತಾಯಿ ಸಿಕ್ಕಾಗಲೆಲ್ಲ ಕೇಳುವುದು ಒಂದೇ, "ಶಾಲೇಲಿ ಹೇಗೆ ಸೇರಿಸಿಕೊಂಡ್ರು?" ನಿಜ ಹೇಳಬೇಕು ಅಂದರೆ ಸೇರಿಸುವುದು ಇಡೀ ಕೆಲಸದಲ್ಲಿ ಸುಲಭದ ಭಾಗ. ಕಷ್ಟ ಶುರುವಾಗುವುದೇ ಆಮೇಲೆ.

ಮೊದಲು ಸಿಪಿ ಬಗ್ಗೆ ಎರಡು ಮಾತು. ನಮ್ಮ ಚಲನೆಯನ್ನು ನೋಡಿಕೊಳ್ಳುವ ಮೆದುಳಿನ ಭಾಗಕ್ಕೆ, ಮಗು ಹೊಟ್ಟೆಯಲ್ಲಿರುವಾಗಲೋ ಹೆರಿಗೆ ಹೊತ್ತಲ್ಲೋ ಹುಟ್ಟಿದ ಹೊಸತರಲ್ಲೋ ಪೆಟ್ಟು ಬಿದ್ದರೆ ಹೀಗಾಗುತ್ತದೆ. ನಮ್ಮವಳು ಹುಟ್ಟಿದ ಕೂಡಲೇ ಅಳಲಿಲ್ಲ. ಎರಡೂ ಕಾಲು ಬಿಗಿ, ಬಲಗೈ ಇನ್ನೂ ಬಿಗಿ. ನಾಲಿಗೆ, ತುಟಿಯ ಸ್ನಾಯುಗಳೂ ಹಾಗೇ ಇರುವುದರಿಂದ ಮಾತು ಸ್ಪಷ್ಟ ಇಲ್ಲ. ಮೆದುಳಿಗೆ ಬಿದ್ದ ಪೆಟ್ಟು ಮುಂದೆ ಹಬ್ಬುವುದಿಲ್ಲ. ಆದರೆ ಸರಿಯಾಗಿ ಕೂರಿಸದಿದ್ದರೆ, ವ್ಯಾಯಾಮ ತಪ್ಪಿಸಿದರೆ, ಸ್ನಾಯುಗಳು ಗಿಡ್ಡವಾಗಿ ಕೈಕಾಲು ಸೊಟ್ಟಗಾಗುತ್ತಾ ಹೋಗುತ್ತವೆ. ಸಿಪಿ ಇರುವ ಕೆಲವು ಮಕ್ಕಳಿಗೆ ಕಲಿಯುವುದರಲ್ಲೂ ತೊಂದರೆ ಇರುತ್ತದೆ, ತುಂಬಾ ಮಕ್ಕಳಿಗೆ ಇರುವುದಿಲ್ಲ. ನಮ್ಮವಳಿಗೆ ಇರಲಿಲ್ಲ. ಆದರೂ ಮಾತು ತೊದಲು ಅಂದ ಕೂಡಲೇ ಬುದ್ಧಿಯೂ ಅಷ್ಟೇ ಅಂತ ಜನ ತೀರ್ಮಾನ ಮಾಡಿಬಿಡುತ್ತಾರೆ. ಅವಳನ್ನು ಎದುರಿಗೇ ಇಟ್ಟುಕೊಂಡು "ಇವಳಿಗೆ ಗೊತ್ತಾಗ್ತದಾ?" ಅಂತ ನನ್ನನ್ನು ಕೇಳುತ್ತಾರೆ. ಇದನ್ನು ಕೇಳಿ ಕೇಳಿ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

2014ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿಸಲು ಹೋದಾಗ ಶಾಲೆಯಲ್ಲಿ ಯಾರೂ ಆಗಲ್ಲ ಅನ್ನಲಿಲ್ಲ. ಹೆಸರು ಬರೆದುಕೊಂಡರು. ಆಮೇಲೆ ಮೆಲ್ಲಗೆ, "ಹೆಸರು ಇಲ್ಲಿರಲಿ, ಮಗು ಮನೇಲಿರಲಿ. ಗೃಹಾಧಾರಿತ ಶಿಕ್ಷಣ ಅಂತ ಇದೆ, ಟೀಚರ್ ಮನೆಗೇ ಬಂದು ಹೇಳಿಕೊಡ್ತಾರೆ, ನಿಮಗೂ ಈ ಮಳೆಯಲ್ಲಿ ಹೊತ್ತು ತರೋದು ತಪ್ತದೆ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಮನೆಯಿಂದ ಶಾಲೆಗೆ ಕಾಲುದಾರಿ, ನಡುವೆ ಒಂದು ಹಳ್ಳ, ಅದಕ್ಕೆ ಅಡಿಕೆ ಮರದ ಸಂಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಮಳೆ ಹೇಗೆ ಹೊಯ್ಯುತ್ತದೆ ಅನ್ನುವುದು ಘಟ್ಟದವರಿಗೆ ಹೇಳಬೇಕಾಗಿಲ್ಲ. ಅತ್ತೆಯವರಿಗೂ ಆ ಮಾತು ಸರಿ ಅನಿಸಿತ್ತು.

ಆಗ ನಮಗೆ ದಾರಿ ತೋರಿಸಿದ್ದು ಬಿಆರ್‌ಸಿಯ, ಅಂದರೆ ಶಿಕ್ಷಣ ಇಲಾಖೆಯ ಬ್ಲಾಕ್ ಸಂಪನ್ಮೂಲ ಕೇಂದ್ರದ, ಬಿಐಇಆರ್‌ಟಿ ಟೀಚರ್. ವೈಕಲ್ಯ ಇರುವ ಮಕ್ಕಳೂ ಎಲ್ಲರ ಜೊತೆ ಕಲಿಯುವ ಸಮನ್ವಯ ಶಿಕ್ಷಣಕ್ಕೆ ಅಂತಲೇ ಬ್ಲಾಕ್ ಮಟ್ಟದಲ್ಲಿ ಇರುವ ಶಿಕ್ಷಕರು ಇವರು. ಕೈಬೆರಳೆಣಿಕೆಯ ಜನ ಇಡೀ ತಾಲ್ಲೂಕಿನ ಶಾಲೆಗಳನ್ನು ಸುತ್ತಬೇಕು, ಮನೆಗಳಿಗೂ ಹೋಗಬೇಕು. ಆ ಟೀಚರ್ ಮಗಳ ಜೊತೆ ಒಂದು ತಾಸು ಕೂತು, ಚಿತ್ರದ ಕಾರ್ಡು ತೋರಿಸಿ, ಕಣ್ಣಲ್ಲೂ ಎಡಗೈಯಲ್ಲೂ ಉತ್ತರ ಕೇಳಿ, "ಇವಳು ಶಾಲೆಗೇ ಹೋಗಬೇಕಾದವಳು" ಅಂದರು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯನ್ನೂ ಅವರೇ ವಿವರಿಸಿದರು. ತೀವ್ರ ಅಥವಾ ಬಹುವಿಧ ವೈಕಲ್ಯ ಇರುವ ಮಗು ಮನೆಯಲ್ಲೇ ಕಲಿಯುವುದನ್ನು ಆರಿಸಿಕೊಳ್ಳಬಹುದು ಅಂತ ಅದರಲ್ಲಿದೆ. ಆರಿಸಿಕೊಳ್ಳುವ ಹಕ್ಕು ಮಗುವಿನದು. ಶಾಲೆ ತನ್ನ ಅನುಕೂಲಕ್ಕೆ ಮಗುವನ್ನು ಮನೆಗೆ ಕಳಿಸುವುದಕ್ಕೆ ಅಲ್ಲ.

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಹಾಸಿಗೆ ಬಿಟ್ಟು ಏಳಲಾಗದ, ಪದೇ ಪದೇ ಫಿಟ್ಸ್ ಬರುವ ಮಕ್ಕಳಿದ್ದಾರೆ, ಅವರಿಗೆ ಮನೆಗೆ ಬರುವ ಟೀಚರ್ ದೇವರಿದ್ದ ಹಾಗೆ. ಆದರೆ ಶಾಲೆಗೆ ಇಳಿಜಾರು ಇಲ್ಲ, ಶೌಚಾಲಯ ಸರಿ ಇಲ್ಲ ಅಂತ ಮಗುವನ್ನು ಮನೆಯಲ್ಲಿ ಇಟ್ಟರೆ ರಿಪೇರಿ ಆಗಬೇಕಾದ್ದು ಕಟ್ಟಡ ಅಲ್ವಾ? ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮಗು ತರಗತಿಯಲ್ಲಿ ಇಲ್ಲದಿದ್ದರೆ, ಎಲ್ಲ ಮಕ್ಕಳೂ ಶಾಲೆಯಲ್ಲಿದ್ದಾರೆ ಅಂತ ಲೆಕ್ಕ ಕೊಡುವುದಕ್ಕೆ ಮಾತ್ರ ಆ ಹೆಸರು ಉಪಯೋಗ.

ಸರಿ, ಶಾಲೆಗೆ ಹೊರಟೆವು. ಮೊದಲನೇ ಸಮಸ್ಯೆ ಕೂರುವುದು. ಆಡುತ್ತಾ ಕಲಿಯುವ ನಲಿಕಲಿ ತರಗತಿಯಲ್ಲಿ ಮಕ್ಕಳೆಲ್ಲ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ನಮ್ಮವಳನ್ನು ನೆಲಕ್ಕೆ ಬಿಟ್ಟರೆ ಎರಡೂ ಕಾಲನ್ನು ಹಿಂದಕ್ಕೆ ಮಡಚಿ ಇಂಗ್ಲಿಷಿನ ಡಬ್ಲ್ಯೂ ಥರ ಕೂರುತ್ತಿದ್ದಳು. ಹಾಗೆ ಕೂತರೆ ಬೀಳುವುದಿಲ್ಲ, ಆದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ. ಬೆಂಚಿನ ಮೇಲೆ ಕೂರಿಸಿದರೆ ಕಾಲು ನೇತಾಡುತ್ತದೆ. ಕಾಲಿಗೆ ಆಧಾರ ಇಲ್ಲದಿದ್ದರೆ ಮೈಯೆಲ್ಲ ಬಿಗಿಯಾಗುತ್ತದೆ, ಮೈ ಬಿಗಿಯಾದರೆ ಕೈ ಹೇಳಿದ ಮಾತು ಕೇಳುವುದಿಲ್ಲ. ಇದನ್ನು ಫಿಜಿಯೋಥೆರಪಿಯವರು ತೋರಿಸಿಕೊಟ್ಟಾಗ ನನಗೆ ನಂಬಲಾಗಲಿಲ್ಲ. ಪಾದ ಎರಡೂ ಗಟ್ಟಿ ಹಲಗೆ ಮೇಲೆ ಊರಿ, ಸೊಂಟ ಹಿಂದಕ್ಕೆ ತಳ್ಳಿ ಕೂರಿಸಿದರು ಅಷ್ಟೇ, ಅಲ್ಲಿವರೆಗೆ ಮುಷ್ಟಿ ಬಿಡಿಸಲು ಒದ್ದಾಡುತ್ತಿದ್ದ ಎಡಗೈ ಸೀದಾ ಹೋಗಿ ಪೆನ್ಸಿಲ್ ಹಿಡಿಯಿತು.

ಊರಿನ ಬಡಗಿಯ ಹತ್ತಿರ ಹಲಸಿನ ಮರದ ಕುರ್ಚಿ ಮಾಡಿಸಿದೆವು. ಕಾಲಿಡುವ ಹಲಗೆಗೆ ಮೇಲಿಂದ ಕೆಳಗೆ ಕಚ್ಚು ಕೊರೆಸಿದ್ದರಿಂದ ಅವಳು ಬೆಳೆದ ಹಾಗೆ ಹಲಗೆ ಕೆಳಗಿಳಿಸಬಹುದಿತ್ತು. ಮಂಡಿಗಳು ಒಂದಕ್ಕೊಂದು ಕತ್ತರಿ ಹಾಕದ ಹಾಗೆ ನಡುವೆ ಬಟ್ಟೆ ಸುತ್ತಿದ ಒಂದು ಗೂಟ. ಮುಂದೆ ಅರ್ಧ ಚಂದ್ರದ ಥರ ಕೊರೆದ ಮೇಜು, ಮೊಣಕೈ ಊರಲು. ಪೆನ್ಸಿಲ್ ದಪ್ಪ ಆಗಲಿ ಅಂತ ಸೈಕಲ್ ಟ್ಯೂಬ್ ಸುತ್ತಿದೆವು. ಎಲ್ಲ ಸರಿಹೋಯಿತು ಅಂದುಕೊಂಡರೆ, ಬಿಐಇಆರ್‌ಟಿ ಟೀಚರ್ ಬಂದವರೇ ಒಂದು ಮಾತು ಹೇಳಿದರು. "ಎಲ್ಲ ಮಕ್ಕಳೂ ಕೆಳಗೆ, ಇವಳೊಬ್ಬಳೇ ಮೇಲೆ. ಇವಳ ಮುಖ ಯಾರಿಗೂ ಕಾಣಲ್ಲ, ಅವರ ಮುಖ ಇವಳಿಗೆ ಕಾಣಲ್ಲ." ಹೌದು, ಕುರ್ಚಿ ಚೆನ್ನಾಗಿತ್ತು, ಹುಡುಗಿ ಒಬ್ಬಂಟಿಯಾಗಿದ್ದಳು. ಆಮೇಲೆ ಕಾಲೇ ಇಲ್ಲದ ಇನ್ನೊಂದು ಆಸನ ಮಾಡಿಸಿದೆವು. ಗೋಡೆಯ ಮೂಲೆ ಥರ ಎರಡು ಹಲಗೆ ಜೋಡಿಸಿ ನೆಲದ ಮೇಲೆ ಇಡುವಂಥದ್ದು. ಗುಂಪಿನಲ್ಲಿ ಪಾಠದ ಕಾರ್ಡು ಹಿಡಿದು ಕಲಿಯುವಾಗ ಅದರಲ್ಲಿ, ಬರೆಯುವಾಗ ಕುರ್ಚಿಯಲ್ಲಿ. ನಲಿಕಲಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುವುದರಿಂದ, ಇವಳು ನಿಧಾನ ಅಂತ ತರಗತಿ ನಿಲ್ಲಲಿಲ್ಲ, ತರಗತಿ ಮುಂದೆ ಹೋಯಿತು ಅಂತ ಇವಳೂ ಹಿಂದೆ ಬೀಳಲಿಲ್ಲ.

ಇಳಿಜಾರಿನ ಕಥೆ ಕೇಳಿ. ಶಾಲೆಯ ಜಗುಲಿ ನೆಲದಿಂದ ಒಂದೂವರೆ ಅಡಿ ಎತ್ತರ. ಮೊದಲು ಕಟ್ಟಿದ ರ‍್ಯಾಂಪ್ ನಾಲ್ಕೈದು ಅಡಿ ಉದ್ದ ಇತ್ತು, ನುಣ್ಣಗೆ ಸಿಮೆಂಟ್ ಸಾರಿಸಿದ್ದರು. ಫೋಟೋ ತೆಗೆದುಕೊಂಡು ಹೋದರು. ಜುಲೈ ಬರುವಷ್ಟರಲ್ಲಿ ಅದರ ಮೇಲೆ ಹಾವಸೆ ಕಟ್ಟಿ, ಚೆನ್ನಾಗಿ ನಡೆಯುವ ಮಕ್ಕಳೇ ಜಾರಿ ಬೀಳತೊಡಗಿದರು. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಅನ್ನುವುದು ಲೆಕ್ಕ. ಅಂದರೆ ನಮ್ಮ ಶಾಲೆಗೆ 18 ಅಡಿ. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿ ಸಭೆಯಲ್ಲಿ ಅಳತೆ ಪಟ್ಟಿ ಹಿಡಿದು ತೋರಿಸಿದೆವು. ಗ್ರಾಮ ಪಂಚಾಯ್ತಿ ತನ್ನ ಆದಾಯದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಖರ್ಚು ಮಾಡಬೇಕು ಅಂತ ಇದೆಯಲ್ಲ, ಅದರಲ್ಲಿ ಹೊಸ ರ‍್ಯಾಂಪ್ ಆಯಿತು. ಗೋಡೆಗೆ ಹೊಂದಿಕೊಂಡು ತಿರುಗಿ ಹೋಗುವ ಹಾಗೆ, ಮೇಲ್ಮೈ ಒರಟು, ಮೇಲೆ ತಗಡು, ಪಕ್ಕಕ್ಕೆ ಹಿಡಿಯಲು ಪೈಪು. ಅದರ ಮೇಲೆ ವಾಕರ್ ಹಿಡಿದು ಅವಳೇ ಹತ್ತಿದಳು. ಬಿಸಿಯೂಟದ ಅಕ್ಕಿ ಮೂಟೆಯೂ ಈಗ ಅದರ ಮೇಲೇ ಒಳಗೆ ಹೋಗುತ್ತದೆ.

ಶೌಚಾಲಯದ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹೆಣ್ಣುಮಕ್ಕಳು ಶಾಲೆ ಬಿಡುವುದಕ್ಕೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಇಲ್ಲ. ಮೂರನೇ ತರಗತಿಯಲ್ಲಿ ಮಗಳು ಬೆಳಿಗ್ಗೆ ಹಾಲು, ನೀರು ಮುಟ್ಟುವುದನ್ನೇ ಬಿಟ್ಟಳು. ಹಸಿವಿಲ್ಲ ಅನ್ನುತ್ತಿದ್ದಳು. ಜ್ವರ, ಉರಿಮೂತ್ರ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೊತ್ತಾಗಿದ್ದು, ಶಾಲೆಯಲ್ಲಿ ಹೋಗಬೇಕಾಗಿ ಬರಬಾರದು ಅಂತ ನೀರು ಬಿಟ್ಟಿದ್ದಾಳೆ. ಬಾಗಿಲು ಕಿರಿದು, ವಾಕರ್ ಒಳಗೆ ಹೋಗುವುದಿಲ್ಲ, ಕುಕ್ಕರಗಾಲಲ್ಲಿ ಕೂರುವ ಕಕ್ಕಸು. ಒಂದು ಬಾಗಿಲು ಅಗಲ ಮಾಡಿ, ಕಮೋಡ್ ಹಾಕಿ, ಗೋಡೆಗೆ ಎರಡು ಹಿಡಿಕೆ ಹಾಕಲು ಎಷ್ಟು ದಿನ ಬೇಕು? ಕೆಲಸ ಆಗಿದ್ದು ಎರಡು ದಿನದಲ್ಲಿ, ಮಂಜೂರಾಗಿದ್ದು ಮುಂದಿನ ಶೈಕ್ಷಣಿಕ ವರ್ಷದಲ್ಲಿ. ಅಲ್ಲಿವರೆಗೆ ನಾನು ಪ್ರತಿದಿನ ಮಧ್ಯಾಹ್ನ ಶಾಲೆಗೆ ಹೋಗಿ ಬರುತ್ತಿದ್ದೆ. ಕೂಲಿಗೆ ಹೋಗುವ ತಾಯಿ ಆಗಿದ್ದರೆ ಮಗುವನ್ನು ಶಾಲೆ ಬಿಡಿಸುತ್ತಿದ್ದಳು, ಅಷ್ಟೇ.

ಇಷ್ಟರ ನಡುವೆ ಯಾರೂ ಯೋಜನೆ ಮಾಡದೆ ಆದ ಒಂದು ಒಳ್ಳೆಯ ಕೆಲಸ ಇದೆ. ಅವಳ ಮಾತು ಮೊದಲು ಅರ್ಥವಾಗಿದ್ದು ತರಗತಿಯ ಮಕ್ಕಳಿಗೆ. ಅಕ್ಕೋರು ಪ್ರಶ್ನೆ ಕೇಳಿದಾಗ ಇವಳು ಏನೋ ಅಂದರೆ ಪಕ್ಕದ ಹುಡುಗಿ "ಅಕ್ಕೋರೇ, ಅವಳು ಹೇಳಿದ್ದು ಕಾಳಿ ನದಿ ಅಂತ" ಅನ್ನುತ್ತಿದ್ದಳು. ಮೊದಮೊದಲು ಅಕ್ಕೋರು ಆ ಹುಡುಗಿಯೇ ಉತ್ತರ ಹೇಳಿಕೊಡುತ್ತಿದ್ದಾಳೆ ಅಂದುಕೊಂಡಿದ್ದರಂತೆ. ಆಮೇಲೆ ಆ ಹುಡುಗಿಗೆ ಗೊತ್ತಿಲ್ಲದ ಪ್ರಶ್ನೆಗೂ ಇವಳು ಸರಿ ಉತ್ತರ ಕೊಟ್ಟಾಗ ಅನುಮಾನ ಹೋಯಿತು. ನಾಲ್ಕನೇ ತರಗತಿ ಹೊತ್ತಿಗೆ ಅಕ್ಕೋರಿಗೇ ಮಗಳ ಮಾತು ಪೂರ್ತಿ ಅರ್ಥವಾಗುತ್ತಿತ್ತು. ಮನೆಯಲ್ಲೇ ಇಟ್ಟಿದ್ದರೆ ಅವಳ ಮಾತು ಅರ್ಥವಾಗುವ ಜನ ನಾವು ಮೂರು ನಾಲ್ಕು ಮಂದಿಯೇ ಆಗಿರುತ್ತಿದ್ದೆವು.

ವಿಶೇಷ ಶಾಲೆಗಳು ಬೇಡ ಅಂತ ನಾನು ಹೇಳುತ್ತಿಲ್ಲ. ಸನ್ನೆ ಭಾಷೆಯಲ್ಲಿ ಕಲಿಯುವ ಕಿವುಡ ಮಗುವಿಗೆ ಸನ್ನೆ ಭಾಷೆ ಬಲ್ಲ ಗೆಳೆಯರೂ ಟೀಚರೂ ಬೇಕು, ಬ್ರೈಲ್ ಹೇಳಿಕೊಡುವವರು ಎಲ್ಲ ಊರಲ್ಲಿ ಸಿಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೂಡ ಶೇ 40 ಮತ್ತು ಅದಕ್ಕಿಂತ ಜಾಸ್ತಿ ವೈಕಲ್ಯ ಇರುವ, 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಕೊಡಬೇಕು ಅನ್ನುತ್ತದೆ. ನಾವು ಹತ್ತಿರದ ಶಾಲೆ ಆರಿಸಿಕೊಂಡೆವು.

ಮೊದಲು ನಮ್ಮ ಹತ್ತಿರ ಕಾಗದದ ಅಂಗವಿಕಲತೆ ಪ್ರಮಾಣಪತ್ರ ಇತ್ತು. ಆಮೇಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ರಾಷ್ಟ್ರೀಯ ಗುರುತಿನ ಚೀಟಿ, ಬಂತು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ತಪಾಸಣೆಗೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೋದೆವು. ದೇವಿಮನೆ ಘಟ್ಟ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಷ್ಟರಲ್ಲಿ ಮಗು ಹಣ್ಣಾಗಿರುತ್ತದೆ. ತಿರುವುಗಳಲ್ಲಿ ಅವಳಿಗೆ ಕುತ್ತಿಗೆ ನಿಲ್ಲುವುದಿಲ್ಲ, ವಾಂತಿ ಬೇರೆ. ಹೋಗುವವರು ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ, ದಣಿದ ಮಗುವಿನ ಸ್ನಾಯು ಇನ್ನೂ ಬಿಗಿಯಾಗಿರುತ್ತದೆ, ಡಾಕ್ಟರಿಗೂ ಸರಿಯಾಗಿ ನೋಡಲಾಗುವುದಿಲ್ಲ. ಹಳೇ ಪ್ರಮಾಣಪತ್ರ, ಆಧಾರ್, ಹುಟ್ಟಿದಾಗಿನ ಡಿಸ್ಚಾರ್ಜ್ ಕಾಗದ, ಫೋಟೋ ಎಲ್ಲ ಒಂದೇ ಫೈಲಿನಲ್ಲಿರಲಿ. ವೈಕಲ್ಯ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಕಾರ್ಡು, 40ರಿಂದ 80ರ ಒಳಗಾದರೆ ಹಳದಿ, 80 ಮತ್ತು ಮೇಲೆ ನೀಲಿ. ನಮ್ಮದು ಹಳದಿ. ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ ಅನ್ನುವ ಪುನರ್ವಸತಿ ಕಾರ್ಯಕರ್ತರು ಈ ಕೆಲಸಕ್ಕೇ ಇರುವವರು, ಅವರನ್ನು ಕೇಳಿ, ಏಜೆಂಟರಿಗೆ ದುಡ್ಡು ಕೊಡಬೇಡಿ. ಸಿಪಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯೂ ಇದೆ, 1 ಲಕ್ಷ ರೂಪಾಯಿವರೆಗೆ. ಫಿಜಿಯೋ ಖರ್ಚಿಗೆ ನಮಗೆ ಅದು ಆಧಾರವಾಯಿತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವೈಕಲ್ಯ ಇರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಕೊಡುತ್ತಾರೆ. ದೊಡ್ಡ ಮೊತ್ತ ಅಲ್ಲ, ಆದರೂ ಬಿಡಬೇಡಿ.

ಕೊರೊನಾ ಬಂದಾಗ ಅವಳು ಏಳನೇ ತರಗತಿ. ಬೇರೆ ಮಕ್ಕಳು ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು, ಇವಳಿಗೆ ಅದು ಆಗದ ಮಾತು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಗಿ ಶಿಕ್ಷಕರೇ ಊರೊಳಗೆ ಬಂದು ಪಾಠ ಮಾಡತೊಡಗಿದಾಗ, ಮಾಸ್ತರರನ್ನು ಕೇಳಿ ನಮ್ಮ ಮನೆ ಜಗುಲಿಯನ್ನೇ ತರಗತಿ ಮಾಡಿಕೊಂಡೆವು. ಮಕ್ಕಳೆಲ್ಲ ನಮ್ಮಲ್ಲಿಗೇ ಬಂದರು. ಆ ಎರಡು ತಿಂಗಳು ಅವಳ ಮುಖ ನೋಡಬೇಕಿತ್ತು.

ಹೈಸ್ಕೂಲು ದೂರ, ಆಟೋ ಗೊತ್ತು ಮಾಡಿದೆವು. ಎಂಟನೇ ತರಗತಿ ಮಹಡಿ ಮೇಲಿತ್ತು. ಹೆಡ್‌ಮಾಸ್ಟರಿಗೆ ಒಂದು ಪತ್ರ ಕೊಟ್ಟೆವು, ತರಗತಿಯನ್ನೇ ಕೆಳಗಿಳಿಸಿದರು. ಅಷ್ಟೇ. ಎಲ್ಲದಕ್ಕೂ ಜಗಳ ಬೇಕಾಗುವುದಿಲ್ಲ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. ಬರಹಗಾರರ (ಮಗು ಹೇಳಿದ್ದನ್ನು ಬರೆದುಕೊಡುವವರ) ನೆರವು, ಹೆಚ್ಚಿನ ಸಮಯ, ಭಾಷಾ ಪರೀಕ್ಷೆಯಿಂದ ವಿನಾಯಿತಿ, ಇವು ಪರೀಕ್ಷೆ ದಿನ ಕೇಳಿದರೆ ಸಿಗುವುದಿಲ್ಲ. ಹೆಸರು ನೋಂದಾಯಿಸುವಾಗಲೇ ಮುಖ್ಯ ಶಿಕ್ಷಕರ ಮೂಲಕ ದಾಖಲೆ ಸಮೇತ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಶುರು ಮಾಡಿ. ಭಾಷೆಯ ವಿನಾಯಿತಿ ಬೇಡ ಅಂತ ಮಗಳೇ ಹೇಳಿದಳು, ಹಿಂದಿ ಅವಳಿಗೆ ಇಷ್ಟ. ಬೇಕಾಗಿದ್ದು ಸಮಯ ಮತ್ತು ಬರೆಯುವವರು. ಎಡಗೈಯಲ್ಲಿ ಅವಳು ಬರೆಯುತ್ತಾಳೆ, ಆದರೆ ಒಂದು ಪುಟಕ್ಕೆ ಅರ್ಧ ತಾಸು ಹಿಡಿಯುತ್ತದೆ.

ಬರೆಯುವವರು ಕೆಳಗಿನ ತರಗತಿಯವರಾಗಿರಬೇಕು. ಯಾರಾದರೂ ಒಬ್ಬರು ಆಗುತ್ತದೆ ಅಂತ ಶಾಲೆಯವರ ಲೆಕ್ಕ. ಆದರೆ ಅವಳ ಮಾತು ಅರ್ಥವಾಗದ ಮಗು ಬಂದು ಕೂತರೆ ಅವಳು ಓದಿದ್ದೆಲ್ಲ ನೀರಿಗೆ ಹೋದ ಹಾಗೆ. ನಾವು ನಮ್ಮ ಊರಿನವಳೇ ಆದ, ಚಿಕ್ಕಂದಿನಿಂದ ಇವಳ ಜೊತೆ ಆಡಿದ ಒಂಬತ್ತನೇ ತರಗತಿ ಹುಡುಗಿಯನ್ನು ಒಪ್ಪಿಸಿದೆವು. ಡಿಸೆಂಬರಿನಿಂದ ಇಬ್ಬರೂ ಸಂಜೆ ಅಭ್ಯಾಸ ಮಾಡಿದರು. ಬರೆಸುವುದು ಬೇರೆಯದೇ ವಿದ್ಯೆ. ಕೈಯಲ್ಲಿ ಬರೆಯುವಾಗ ಅರ್ಧ ಯೋಚನೆ ಕೈಯೇ ಮಾಡುತ್ತದೆ. ಬರೆಸುವಾಗ ಇಡೀ ವಾಕ್ಯ ತಲೆಯಲ್ಲಿ ಸಿದ್ಧವಾಗಿರಬೇಕು. ಗಣಿತ ಇನ್ನೂ ಕಷ್ಟ. ವೃತ್ತಕ್ಕೆ ಸ್ಪರ್ಶಕ ಎಳೆಯುವ ಲೆಕ್ಕ ನೋಡಿ, ಮಗಳು ಹೀಗೆ ಹೇಳಬೇಕು: "ಓ ಕೇಂದ್ರ. ತ್ರಿಜ್ಯ 3 ಸೆಂ.ಮೀ. ವೃತ್ತ ಎಳಿ. ಓ ಬಿಂದುವಿಂದ 7 ಸೆಂ.ಮೀ. ದೂರಕ್ಕೆ ಪಿ. ಓಪಿ ಸೇರಿಸು. ಅದರ ಮಧ್ಯಬಿಂದು ಎಂ. ಎಂ ಕೇಂದ್ರ ಮಾಡಿ ಎಂಓ ತ್ರಿಜ್ಯದಲ್ಲಿ ಇನ್ನೊಂದು ವೃತ್ತ. ಮೊದಲಿನ ವೃತ್ತವನ್ನು ಕತ್ತರಿಸಿದಲ್ಲಿ ಎ, ಬಿ. ಪಿಎ, ಪಿಬಿ ಸೇರಿಸು." ಆ ಹುಡುಗಿ ಇನ್ನೂ ಈ ಪಾಠ ಕಲಿತಿಲ್ಲ, ಹೇಳಿದ್ದನ್ನಷ್ಟೇ ಮಾಡುತ್ತಾಳೆ. ಒಂದು ಹೆಜ್ಜೆ ಬಿಟ್ಟರೂ ಚಿತ್ರ ತಪ್ಪು. ಇದನ್ನು ಇಬ್ಬರೂ ತಪ್ಪಿಲ್ಲದೆ ಮಾಡುವ ಹೊತ್ತಿಗೆ ಶಿವರಾತ್ರಿ ಬಂದಿತ್ತು.

ಆಗ ಇದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಪ್ರಕಾರ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಕೊಡಬೇಕಿತ್ತು, ಬರಹಗಾರರನ್ನು ಅಭ್ಯರ್ಥಿಯೇ ಆರಿಸಿಕೊಳ್ಳಬಹುದಿತ್ತು, ಪರೀಕ್ಷಾ ಮಂಡಳಿಯೇ ಕೊಡುವುದಾದರೆ ಎರಡು ದಿನ ಮೊದಲು ಭೇಟಿ ಮಾಡಿಸಬೇಕಿತ್ತು. ವೈಕಲ್ಯ ಶೇ 40 ಆಗಲಿಲ್ಲ ಅಂತ ಆಸೆ ಕೈಬಿಟ್ಟವರಿಗೂ ಒಂದು ದಾರಿ ಇದೆ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯಲು ತೊಂದರೆ ಇರುವವರಿಗೆ ಶೇ 40 ಇಲ್ಲ ಅನ್ನುವ ಕಾರಣಕ್ಕೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು ಹೇಳಿದೆ. ಆಮೇಲೆ 2022ರಲ್ಲಿ ಅಂಥವರಿಗೇ ಬೇರೆ ಮಾರ್ಗಸೂಚಿ ಬಂತು. ಪ್ರತಿ ಇಟ್ಟುಕೊಂಡು ಹೋಗಿ, ಬಾಯಿಮಾತಲ್ಲಿ ವಾದ ಮಾಡಬೇಡಿ.

ಮಗಳು ಪಾಸಾದಳು, ಅದೂ ಪ್ರಥಮ ದರ್ಜೆಯಲ್ಲಿ. ಬರೆದುಕೊಟ್ಟ ಹುಡುಗಿ ಮುಂದಿನ ವರ್ಷ ತಾನೇ ಪರೀಕ್ಷೆಗೆ ಕೂತಾಗ, ಸಂಜೆ ಇವಳ ಹತ್ತಿರವೇ ಗಣಿತ ಹೇಳಿಸಿಕೊಳ್ಳಲು ಬರುತ್ತಿದ್ದಳು.

ಈಗ ಅವಳು ಕಾಮರ್ಸ್ ಓದುತ್ತಿದ್ದಾಳೆ. ಲೆಕ್ಕಶಾಸ್ತ್ರದ ಖಾತೆಗಳನ್ನು ಬಾಯಲ್ಲಿ ಬರೆಸುವುದು ಸ್ಪರ್ಶಕ ಬರೆಸಿದ್ದಕ್ಕಿಂತ ಕಷ್ಟ, ಎಷ್ಟೊಂದು ಕಾಲಂ, ಎಡಕ್ಕೆ ಖರ್ಚು ಬಲಕ್ಕೆ ಜಮಾ, ಒಂದು ಸಂಖ್ಯೆ ತಪ್ಪು ಕಡೆ ಕೂತರೆ ಮುಗಿಯಿತು. ಕಂಪ್ಯೂಟರಿನಲ್ಲಿ ಎಡಗೈಯಿಂದ ಅವಳೇ ಚೆನ್ನಾಗಿ ಮಾಡುತ್ತಾಳೆ. 2018ರ ಆ ಮಾರ್ಗಸೂಚಿಯಲ್ಲಿ ಕಂಪ್ಯೂಟರ್ ಬಳಸಲು ಅವಕಾಶ ಇತ್ತು. ಹಾಗಾಗಿ ಕಂಪ್ಯೂಟರಿನಲ್ಲೇ ಉತ್ತರಿಸಲು ಅನುಮತಿ ಕೊಡಿ ಅಂತ ಕಾಲೇಜಿನ ಮೂಲಕ ಅರ್ಜಿ ಕೊಟ್ಟಿದ್ದೇವೆ. ಪ್ರಿನ್ಸಿಪಾಲರು ತಮ್ಮ ಶಿಫಾರಸು ಬರೆದು ಮೇಲೆ ಕಳಿಸಿದ್ದಾರೆ. ಅರ್ಜಿಯನ್ನು ಟೈಪ್ ಮಾಡಿದ್ದು ಅವಳೇ.